ಹರ್ನ್‌ಡನ್ ನೆರೆಯ ಫ್ರೆಂಚ್ ಊಟ

ಬಿಸ್ಟ್ರೋ ಎಂಬುದು ಮೂಲತಃ ಪ್ಯಾರಿಸ್ಸಿನ ಓಣಿಗಳ ಸಣ್ಣ ಊಟದ ಮನೆ; ಆಸುಪಾಸಿನವರು ಮಧ್ಯಾಹ್ನ ಬಂದು, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಲ್ಕಾರು ಬಗೆಗಳಲ್ಲಿ ಒಂದನ್ನು ಆರಿಸಿ, ಮಿತವಾದ ಬೆಲೆಗೆ ಹೊಟ್ಟೆ ತುಂಬ ಉಂಡು ಏಳುತ್ತಿದ್ದ ಜಾಗ. ಗಡುಸಾದ, ಅಗ್ಗದ ಮಾಂಸವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ಮೆತ್ತಗಾಗಿಸುವುದು, ಒಣಗಿದ ಬ್ರೆಡ್ಡನ್ನೂ ಎಸೆಯದೆ ಸೂಪಿಗೆ ಬಳಸುವುದು ಅಲ್ಲಿನ ಅಡುಗೆಯ ಕ್ರಮ. ಬೆಂಗಳೂರಿನ ವಿದ್ಯಾರ್ಥಿ ಭವನ 1943ರಿಂದ ಕೆಲವೇ ತಿಂಡಿಗಳನ್ನು ನೆಚ್ಚಿಕೊಂಡು ಹೆಸರು ಉಳಿಸಿಕೊಂಡದ್ದನ್ನು ಬಲ್ಲವರಿಗೆ ಈ ಶಿಸ್ತು ಹೊಸದೆನಿಸದು.

ಅಮೆರಿಕದ ವರ್ಜೀನಿಯಾದಲ್ಲಿ, ಡಲ್ಲೆಸ್ ವಿಮಾನ ನಿಲ್ದಾಣದ ಮಗ್ಗುಲಿನ ಹರ್ನ್‌ಡನ್ ಊರಿನ ಸುತ್ತ ಈ ಪರಂಪರೆ ಬೇರೆಯೇ ರೂಪ ತಳೆದಿದೆ. ಹರ್ನ್‌ಡನ್ ಇರುವ ಫೇರ್‌ಫ್ಯಾಕ್ಸ್ ಕೌಂಟಿಯದೇ ಆದ ಗ್ರೇಟ್ ಫಾಲ್ಸ್‌ನಲ್ಲಿರುವ ಲೋಬೆರ್ಜ್ ಷೆ ಫ್ರಾಂಸ್ವಾ, ಕಟ್ಟುನಿಟ್ಟಾಗಿ ಹೇಳುವುದಾದರೆ, ಬಿಸ್ಟ್ರೋ ಅಲ್ಲ. ಹಳ್ಳಿಗಾಡಿನ ಛತ್ರದ ಮಾದರಿಯ ಭೋಜನಗೃಹ. ಅಲ್ಸೇಸ್ ಪ್ರಾಂತದ ಫ್ರಾಂಸ್ವಾ ಹೇರಿಂಗರ್ 1954ರಲ್ಲಿ ವಾಷಿಂಗ್ಟನ್ ನಗರದಲ್ಲಿ ಆರಂಭಿಸಿ, 1976ರಲ್ಲಿ ಇಲ್ಲಿನ ಮರಗಳ ನಡುವೆ ತಂದು ನೆಲೆಗೊಳಿಸಿದ ಇದು ಒಂದು ಮನೆತನದ, ಒಂದು ಪ್ರಾಂತದ ಅಡುಗೆಯನ್ನು ಬಿಟ್ಟುಕೊಟ್ಟಿಲ್ಲ. ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸಿನ ಜೊತೆ ಹಂದಿಮಾಂಸವನ್ನೂ ಸಾಸೇಜನ್ನೂ ಬಡಿಸುವ ಶುಕ್ರೂಟ್ ಎಂಬ ಅಲ್ಸೇಸಿನ ಖಾದ್ಯವೇ ಇದಕ್ಕೆ ಸಾಕ್ಷಿ. ವಾಷಿಂಗ್ಟನ್ ನಗರದೊಳಗೆ 2013ರಲ್ಲಿ ತೆರೆದ ಲ ಡಿಪ್ಲೊಮಾಟ್ ಇದಕ್ಕೆ ವ್ಯತಿರಿಕ್ತ: ಹಳತಾಗಿ ಕಾಣುವಂತೆ ಹೊಸದಾಗಿ ಕಟ್ಟಿದ ಪ್ಯಾರಿಸ್ ಅದು, ಚೆಂದವೇನೋ ಹೌದು. ಇವೆರಡರಲ್ಲಿ ಮೊದಲನೆಯದಕ್ಕೇ ಹೆಚ್ಚಿನ ತೂಕ ಸಲ್ಲಬೇಕು. ಆದರೆ ಎರಡೂ ಕಡೆ ಒಂದು ನಷ್ಟ ಸಮಾನವಾಗಿದೆ: ಮುಂಚಿತವಾಗಿ ಮೇಜು ಕಾದಿರಿಸಿ ಹುಟ್ಟುಹಬ್ಬಕ್ಕೋ ಮದುವೆಯ ವಾರ್ಷಿಕೋತ್ಸವಕ್ಕೋ ಹೋಗುವ ಊಟವಾದಾಗ, ಮಂಗಳವಾರದ ಮಧ್ಯಾಹ್ನ ಸುಮ್ಮನೆ ಒಳಹೊಕ್ಕು ಉಣ್ಣುವ ಸಲುಗೆ ಉಳಿಯುವುದಿಲ್ಲ.

ಸಸ್ಯಾಹಾರಿ ಕನ್ನಡ ಕುಟುಂಬಗಳ ಕಡೆಯಿಂದ ನೋಡಿದರೆ ಬಿಸ್ಟ್ರೋ ಅಡುಗೆಯ ಸ್ವರೂಪ ಈರುಳ್ಳಿ ಸೂಪಿನಲ್ಲಿ ಬಯಲಾಗುತ್ತದೆ. ತೆಳ್ಳಗೆ ಹೆಚ್ಚಿದ ಈರುಳ್ಳಿಯನ್ನು ಬೆಣ್ಣೆಯಲ್ಲಿ ಮುಕ್ಕಾಲು ಗಂಟೆಗೂ ಮಿಕ್ಕಿ ಕಂದುಬಣ್ಣ ಬರುವಂತೆ ಬಾಡಿಸಿ, ಬಟ್ಟಲಿಗೆ ಹಾಕಿ, ಮೇಲೆ ಬ್ರೆಡ್ಡಿನ ತುಂಡಿಟ್ಟು, ಗ್ರುಯೇರ್ ಚೀಸ್ ಉದುರಿಸಿ, ಅದು ಕರಗಿ ಅಂಚಿನಲ್ಲಿ ಕರಟುವವರೆಗೆ ಕಾಯಿಸುವ ಈ ಸೂಪು ಹೆಸರಿಗೆ ತರಕಾರಿಯದು. ಆದರೆ ಅದರ ದ್ರವ ಸಾಮಾನ್ಯವಾಗಿ ದನದ ಮೂಳೆ ಕುದಿಸಿ ಬಸಿದ ಸ್ಟಾಕ್, ಸಾಂಪ್ರದಾಯಿಕ ಗ್ರುಯೇರ್‌ಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಕಿಣ್ವ. ಮೊಟ್ಟೆ ತಿನ್ನುವವರು ಆಮ್ಲೆಟ್ ಕೇಳಬಹುದು. ಉಳಿದವರಿಗೆ ಆಲೂಗಡ್ಡೆಯ ಬಿಲ್ಲೆಗಳನ್ನು ಕೆನೆಯಲ್ಲಿ ಬೇಯಿಸಿದ ಗ್ರಾಟಾನ್ ದೊರೆತೀತು, ಅದೂ ಮಾಂಸದ ಪಕ್ಕವಾದ್ಯವಾಗಿ. ಇದನ್ನು ಪಾಕಪದ್ಧತಿಯ ದೋಷವೆನ್ನುವುದು ಸಲ್ಲದು, ಏಕೆಂದರೆ ಸ್ಟಾಕನ್ನು ಕಳೆದರೆ ಫ್ರೆಂಚ್ ಅಡುಗೆಯ ಬುನಾದಿಯೇ ಸಡಿಲುತ್ತದೆ. ಮದ್ಯದ ದ್ರಾಕ್ಷಿ ಯಾವ ಬೆಟ್ಟದ್ದೆಂದು ವಿವರಿಸುವ ತಿನಿಸುಪಟ್ಟಿ ಸೂಪಿನ ತಳದಲ್ಲಿರುವುದನ್ನು ಹೇಳದೆ ಬಿಡುವುದಾದರೆ, ಆಕ್ಷೇಪ ಸಲ್ಲಬೇಕಾದದ್ದು ಆ ಪಟ್ಟಿಗೆ.