ತೊಡೆಗೆ ಬಿದ್ದ ಪೆಟ್ಟು: ಕ್ರೀಡಾಂಗಣದ ಹಿಂಸೆ ಮತ್ತು ಅದರ ಪಾಲುದಾರರು

ಕುರುಕ್ಷೇತ್ರದ ಕೊನೆಯ ದಿನ ಭೀಮನ ಗದೆ ದುರ್ಯೋಧನನ ತೊಡೆಗೆ ಬಿದ್ದಿತು. ನಾಭಿಯಿಂದ ಕೆಳಗೆ ಹೊಡೆಯಲಾಗದೆಂಬುದು ಗದಾಯುದ್ಧದ ನಿಯಮ. ನ್ಯಾಯವಾಗಿ ಕಾದಿದರೆ ಭೀಮನು ಗೆಲ್ಲಲಾರನೆಂದು ಹೇಳಿದವನು ಕೃಷ್ಣ, ತನ್ನ ಎಡತೊಡೆಯನ್ನು ತಟ್ಟಿ ಸನ್ನೆ ಮಾಡಿದವನು ಅರ್ಜುನ, ಹೊಡೆದವನು ಭೀಮ. ಇಬ್ಬರಿಗೂ ಗದಾವಿದ್ಯೆಯನ್ನು ಕಲಿಸಿದ್ದ ಬಲರಾಮನು ನೇಗಿಲೆತ್ತಿಕೊಂಡು ಭೀಮನ ಮೇಲೆ ಏರಿಹೋದನು. ಪ್ರತಿಜ್ಞೆಯ ನೆಪವನ್ನು ಮುಂದಿಟ್ಟು ಕೃಷ್ಣನು ಹೇಳಿದ ಸಮಾಧಾನವನ್ನು ಒಪ್ಪದೆ ದ್ವಾರಕೆಗೆ ಹೊರಟುಹೋದನು. ವ್ಯಾಸಭಾರತದ ಶಲ್ಯಪರ್ವವು ಈ ಪ್ರಸಂಗವನ್ನು ಎಲ್ಲಿಯೂ ಮರೆಮಾಚಿಲ್ಲ.

ಮುಧೋಳದ ಬಳೆಗಾರ ಕುಲದ ರನ್ನನಿಗೆ ಇದೇ ಪೆಟ್ಟು ಒಂದು ಸಂಕಟವಾಗಿ ಬಂದಿರಬೇಕು. ಅವನ 'ಗದಾಯುದ್ಧ'ದಲ್ಲಿ ಭೀಮನೆಂದರೆ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನೇ. ದೊರೆಯನ್ನು ನಿಯಮ ಮೀರಿದವನೆಂದು ತೋರಿಸುವಂತಿಲ್ಲ. ಕಥೆಯನ್ನು ಬದಲಿಸುವಂತೆಯೂ ಇಲ್ಲ. ಆದುದರಿಂದ ಕವಿಯು ಕಾವ್ಯದ ಆರಂಭದಲ್ಲಿಯೇ ದ್ರೌಪದಿಯ ದುಃಖವನ್ನೂ ಭೀಮನ ಪ್ರತಿಜ್ಞೆಯನ್ನೂ ನಿಲ್ಲಿಸುತ್ತಾನೆ. ಪೆಟ್ಟು ಬೀಳುವ ಹೊತ್ತಿಗೆ ವಾಚಕನಿಗೆ ನಿಯಮದ ನೆನಪು ಮಸುಕಾಗಿ ಪ್ರತಿಜ್ಞೆಯೊಂದೇ ಉಳಿದಿರುತ್ತದೆ. ಕೊನೆಗೆ ಪಟ್ಟಾಭಿಷೇಕವೂ ಭೀಮನಿಗೇ. ಆದರೂ ರಣಭೂಮಿಯಲ್ಲಿ ಒಬ್ಬೊಬ್ಬರ ಶವದ ಮುಂದೆಯೂ ಮರುಗುತ್ತ ನಡೆಯುವ ದುರ್ಯೋಧನನನ್ನು ಮರೆಯಲು ಅದೇ ಕವಿ ಬಿಡುವುದಿಲ್ಲ. ನಿಯಮಭಂಗಕ್ಕೆ ದೊಡ್ಡ ಕಾರಣವೊಂದನ್ನು ಒದಗಿಸಿದರೆ ನೋಡುವವರ ಮನಸ್ಸು ಎಷ್ಟು ಬೇಗ ಒಪ್ಪಿಬಿಡುತ್ತದೆ ಎಂಬುದನ್ನು ಅರಿಯಲು ಈ ಕಾವ್ಯಕ್ಕಿಂತ ಉತ್ತಮ ಪಾಠ ಕನ್ನಡದಲ್ಲಿ ದೊರೆಯುವುದು ಕಷ್ಟ.

ಅದು ಯುದ್ಧದ ಮಾತು, ಆಟದ್ದಲ್ಲ ಎಂದು ಆಕ್ಷೇಪಿಸಬಹುದು. ಹಾಗಾದರೆ ಮೊದಲು ಆಟವನ್ನೇ ನೋಡೋಣ. ಮಲಪ್ರಭೆಯ ದಂಡೆಯ ಮೆಣಸಗಿಯಿಂದ ಹಿಡಿದು ಬೆಳಗಾವಿ, ಧಾರವಾಡದ ಸೀಮೆಯವರೆಗೆ ಜಾತ್ರೆಯ ಕುಸ್ತಿ ಎಂದರೇನೆಂದು ಯಾರಿಗೂ ವಿವರಿಸಬೇಕಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಗುದ್ದಿದರೆ, ಕಚ್ಚಿದರೆ, ಬೆರಳು ತಿರುಚಿದರೆ ಗೆಲುವು ಹತ್ತಿರವಾಗುವುದಿಲ್ಲ, ಅಪಕೀರ್ತಿ ಬರುತ್ತದೆ. ಅಗೆದು ಸಡಿಲಿಸಿ, ಎಣ್ಣೆ ಮಜ್ಜಿಗೆಗಳನ್ನು ಬೆರೆಸಿ ಹದಮಾಡಿದ ಗರಡಿಯ ಮಣ್ಣು ಬಿದ್ದವನ ಮೈಯನ್ನು ಕಾಯುತ್ತದೆ. ಗಾಯಗಳು ಆಗುವುದಿಲ್ಲವೆಂದಲ್ಲ, ಗಾಯದಿಂದ ಯಾರಿಗೂ ಲಾಭವಿಲ್ಲ. ಆಟದ ರಚನೆಯಲ್ಲಿಯೇ ಅಡಗಿರುವ ಈ ವಿವೇಕವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಪರಿಶೀಲಿಸಬೇಕು.

ಅಮೆರಿಕನ್ ಫುಟ್‌ಬಾಲ್ ಎಂಬುದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವವನನ್ನು ಎದುರು ಪಕ್ಷದವರು ಮೈಯಿಂದ ಡಿಕ್ಕಿ ಹೊಡೆದು ಕೆಡವುವ ಆಟವದು. 1905ರ ಒಂದೇ ಹಂಗಾಮಿನಲ್ಲಿ ಕನಿಷ್ಠ 18 ಮಂದಿ ಸತ್ತರೆಂದು ಪತ್ರಿಕೆಗಳು ಲೆಕ್ಕ ಕೊಟ್ಟವು. ಅದೇ ವರ್ಷ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾಲಯಗಳ ಪ್ರತಿನಿಧಿಗಳನ್ನು ತಮ್ಮ ನಿವಾಸಕ್ಕೇ ಕರೆಯಿಸಿದರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯುವ ಅವಕಾಶ ದೊರೆತು ಗುಂಪುಗುಂಪಾಗಿ ನುಗ್ಗುವುದು ಕಡಿಮೆಯಾಯಿತು. ತಲೆಯನ್ನು ಕಾಯಲೆಂದು ಬಂದ ಗಟ್ಟಿ ಹೆಲ್ಮೆಟ್ ಕಾಲಕ್ರಮೇಣ ಆಯುಧವಾಯಿತು. ತಲೆ ತಗ್ಗಿಸಿ ಟಗರಿನಂತೆ ಹಾಯುವುದು ರೂಢಿಯಾಯಿತು. 1976ರಲ್ಲಿ ಶಾಲಾ ಕಾಲೇಜುಗಳ ಮಟ್ಟದಲ್ಲಿ ಅದನ್ನು ನಿಷೇಧಿಸಿದ ಮೇಲೆ ಕುತ್ತಿಗೆ ಮುರಿದು ಕೈಕಾಲು ಕಳೆದುಕೊಳ್ಳುವವರ ಸಂಖ್ಯೆ ಇಳಿಯಿತು. ನಿಯಮದಿಂದ ಏನೂ ಆಗುವುದಿಲ್ಲ, ಆಟವಿರುವುದೇ ಹೀಗೆ ಎನ್ನುವವರು ಈ ಒಂದು ಸಂಗತಿಗೆ ಉತ್ತರ ಹೇಳಬೇಕು.

1978ರ ಆಗಸ್ಟ್‌ನಲ್ಲಿ, ಅಂಕಪಟ್ಟಿಗೆ ಸೇರದ ಪ್ರದರ್ಶನ ಪಂದ್ಯವೊಂದರಲ್ಲಿ, ಓಕ್‌ಲೆಂಡಿನ ಜ್ಯಾಕ್ ಟೇಟಮ್ ಎಂಬಾತನು ಚೆಂಡಿಗಾಗಿ ಮೈಚಾಚಿದ್ದ ಡ್ಯಾರಿಲ್ ಸ್ಟಿಂಗ್ಲಿಗೆ ಡಿಕ್ಕಿ ಹೊಡೆದನು. ಸ್ಟಿಂಗ್ಲಿಯ ಕೈಕಾಲುಗಳ ಸ್ವಾಧೀನ ತಪ್ಪಿತು. 2007ರಲ್ಲಿ ತೀರಿಕೊಳ್ಳುವವರೆಗೂ ಅವನು ಗಾಲಿಕುರ್ಚಿಯಲ್ಲಿಯೇ ಇದ್ದನು. ಆ ಡಿಕ್ಕಿಗೆ ತೀರ್ಪುಗಾರರು ದಂಡ ವಿಧಿಸಲಿಲ್ಲ, ಏಕೆಂದರೆ ಅಂದಿನ ನಿಯಮದಲ್ಲಿ ಅದು ತಪ್ಪಾಗಿರಲಿಲ್ಲ. ಭೀಮನ ಪೆಟ್ಟು ನಿಯಮವನ್ನು ಮುರಿಯಿತು. ಇಲ್ಲಿ ನಿಯಮವೇ ಪೆಟ್ಟಿನ ಪರವಾಗಿ ನಿಂತಿತ್ತು. ಎರಡನೆಯದೇ ಹೆಚ್ಚು ಭಯಾನಕ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದುದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎಂಬ ವೃತ್ತಿಪರ ತಂಡ. 2009ರಿಂದ 2011ರವರೆಗಿನ ಮೂರು ಹಂಗಾಮುಗಳಲ್ಲಿ ಆಟಗಾರರೇ ಹಣ ಕೂಡಿಸಿ ಒಂದು ನಿಧಿ ಮಾಡಿಕೊಂಡಿದ್ದರೆಂದೂ, ಅದನ್ನು ತರಬೇತುದಾರನೊಬ್ಬನು ನಡೆಸುತ್ತಿದ್ದನೆಂದೂ 2012ರಲ್ಲಿ ಲೀಗ್ ತನ್ನ ತನಿಖೆಯನ್ನು ಪ್ರಕಟಿಸಿತು. ಎದುರಾಳಿಯನ್ನು ಗಾಡಿಯಲ್ಲಿ ಹಾಕಿ ಅಂಗಣದಿಂದ ಒಯ್ಯುವಂತೆ ಮಾಡಿದರೆ 1000 ಡಾಲರ್. ಮರಳಿ ಆಡಲಾಗದಂತೆ ಕೆಡವಿದರೆ 1500 ಡಾಲರ್. ನಿರ್ಣಾಯಕ ಪಂದ್ಯಗಳಲ್ಲಿ ಅದರ ಎರಡು, ಮೂರು ಪಟ್ಟು. ಹಬ್ಬದ ಸಂತೆಯಲ್ಲಿ ದರ ಏರಿದಂತೆ! ಅಂಗಡಿಯ ದರಪಟ್ಟಿಯನ್ನು ದಿನವೂ ನೋಡುವವರಿಗೆ ಇಲ್ಲಿ ವ್ಯಾಪಾರವಾಗುತ್ತಿರುವ ಸರಕು ಯಾವುದೆಂದು ತಿಳಿಯಲು ತಡವಾಗದು. ಮುಖ್ಯ ತರಬೇತುದಾರನನ್ನು 2012ರ ಇಡೀ ಹಂಗಾಮಿಗೆ ಹೊರಗಿಡಲಾಯಿತು. ತಂಡಕ್ಕೆ 5 ಲಕ್ಷ ಡಾಲರ್ ದಂಡ ಬಿದ್ದಿತು. ನಾಲ್ವರು ಆಟಗಾರರಿಗೆ ವಿಧಿಸಿದ್ದ ಅಮಾನತನ್ನು ಮಾತ್ರ ಆ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿ ಕೇಳಿದವರು ರದ್ದುಪಡಿಸಿದರು. ಹೊಣೆಯ ಹೆಚ್ಚಿನ ಪಾಲು ತಂಡವನ್ನು ನಡೆಸುವವರದೆಂಬುದು ಅವರ ಅಭಿಪ್ರಾಯ.

ಶ್ರಾವಕಾಚಾರದಲ್ಲಿ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುವ ಕ್ರಮವು ವಾಚಕರಿಗೆ ಪರಿಚಿತ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ವೃತ್ತಿಪರ ಆಟಗಾರನ ಡಿಕ್ಕಿಯನ್ನು ಇವುಗಳಲ್ಲಿ ಯಾವುದಕ್ಕೆ ಸೇರಿಸಬೇಕು? ಅದು ಅವನ ಜೀವನೋಪಾಯ, ಆದುದರಿಂದ ಉದ್ಯೋಗೀ ಎಂದು ಕೆಲವರು ಜಾಣತನದಿಂದ ಹೇಳಬಹುದು. ಆದರೆ ಉದ್ಯೋಗೀ ಹಿಂಸೆಯಲ್ಲಿ ಕೇಡು ಕೆಲಸದ ಜೊತೆಗೆ ಬೇಡವಾಗಿಯೂ ಬರುವಂಥದು. ರೈತನು ನೆಲ ಉಳುವುದು ಬೆಳೆಗಾಗಿ. ಹುಳು ಸತ್ತುದಕ್ಕೆ ಅವನಿಗೆ ಯಾರೂ ಕೂಲಿ ಕೊಡುವುದಿಲ್ಲ. ಗಾಯಕ್ಕೇ ಬೆಲೆ ನಿಗದಿಯಾದ ಕ್ಷಣದಲ್ಲಿ ಅದು ಉದ್ಯೋಗದ ಎಲ್ಲೆಯನ್ನು ದಾಟಿ ಸಂಕಲ್ಪೀ ಆಗುತ್ತದೆ. ಸ್ಟಿಂಗ್ಲಿಯ ಪ್ರಕರಣದಲ್ಲಿ ಸಂಕಲ್ಪವಿತ್ತೋ ಇಲ್ಲವೋ ಎಂದು ವಾದಿಸಬಹುದು. ಸೇಂಟ್ಸ್ ತಂಡದ ದರಪಟ್ಟಿಯ ಮುಂದೆ ವಾದಕ್ಕೆ ಎಡೆಯಿಲ್ಲ.

ಆಟಗಾರನು ತಿಳಿದೇ ಇಳಿದಿದ್ದಾನೆ, ಅವನ ಒಪ್ಪಿಗೆಯಿದೆ ಎಂಬ ಮಾತನ್ನೂ ತೂಗಿ ನೋಡಬೇಕು. ಪಿಟ್ಸ್‌ಬರ್ಗಿನ ಹೆಸರಾಂತ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ, 50ನೆಯ ವಯಸ್ಸಿನಲ್ಲಿ, ಬುದ್ಧಿ ಕದಡಿದ ಸ್ಥಿತಿಯಲ್ಲಿ ಸತ್ತಾಗ ಅವನ ಮೆದುಳನ್ನು ಪರೀಕ್ಷಿಸಿದವರು ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು. ಪದೇ ಪದೇ ತಲೆಗೆ ಬಿದ್ದ ಪೆಟ್ಟುಗಳಿಂದಾದ ಹಾನಿಯನ್ನು ಅವರು 2005ರಲ್ಲಿ ಪ್ರಕಟಿಸಿದಾಗ ಲೀಗಿನ ವೈದ್ಯರು ಆ ಲೇಖನವನ್ನೇ ಹಿಂಪಡೆಯಬೇಕೆಂದು ಒತ್ತಾಯಿಸಿದರು. ಸಾವಿರಾರು ಮಾಜಿ ಆಟಗಾರರು ನ್ಯಾಯಾಲಯಕ್ಕೆ ಹೋದ ಮೇಲೆ 2013ರಲ್ಲಿ 76.5 ಕೋಟಿ ಡಾಲರಿನ ಒಪ್ಪಂದವಾಯಿತು. ಅನಂತರ ಆ ಮಿತಿಯನ್ನೂ ತೆಗೆಯಬೇಕಾಯಿತು. ಪರಿಹಾರ ಲೆಕ್ಕ ಹಾಕುವಾಗ ಕಪ್ಪುವರ್ಣೀಯರ ಬುದ್ಧಿಮಟ್ಟ ಮೊದಲಿನಿಂದಲೇ ಕಡಿಮೆಯೆಂದು ಹಿಡಿಯುವ ಪದ್ಧತಿಯೂ ಇದ್ದು, ಅದನ್ನು ಕೈಬಿಡುವುದಾಗಿ ಲೀಗ್ ಒಪ್ಪಿದ್ದು 2021ರಲ್ಲಿ. ತೂಕದ ಬಟ್ಟನ್ನೇ ತಿದ್ದಿಟ್ಟ ಅಂಗಡಿಯಲ್ಲಿ ಗಿರಾಕಿಯ ಒಪ್ಪಿಗೆಗೆ ಏನು ಅರ್ಥ?

ಇದೆಲ್ಲ ದೂರದೇಶದ ಕಥೆಯೆಂದು ನಿಶ್ಚಿಂತರಾಗಿರುವಂತಿಲ್ಲ. 1976ರ ಏಪ್ರಿಲ್‌ನಲ್ಲಿ ಕನ್ನಡ ನಾಡಿನ ಮೂವರು ಇಂಥದೇ ಅಂಗಣದಲ್ಲಿ ಗಾಯಗೊಂಡರು. ಪೋರ್ಟ್ ಆಫ್ ಸ್ಪೇನಿನ ಟೆಸ್ಟಿನಲ್ಲಿ 403 ಓಟಗಳ ಗುರಿಯನ್ನು ಭಾರತ ಕೇವಲ 4 ವಿಕೆಟ್ ಕಳೆದುಕೊಂಡು ಮುಟ್ಟಿತ್ತು, ಜಿ. ಆರ್. ವಿಶ್ವನಾಥರು 112 ಓಟ ಗಳಿಸಿದ್ದರು. ಆಸ್ಟ್ರೇಲಿಯದ ವೇಗದ ಎಸೆತಗಾರರಿಂದ ಆಗಷ್ಟೇ 5-1ರ ಸೋಲುಂಡು ಬಂದಿದ್ದ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್‌ರಿಗೆ ಇದು ಸಾಕಾಯಿತು. ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕಿನ ಮುಂದಿನ ಟೆಸ್ಟಿಗೆ ವೇಗಿಗಳನ್ನೇ ತುಂಬಿಕೊಂಡು ಇಳಿದರು. ಹೆಲ್ಮೆಟ್ ಇಲ್ಲದ ಕಾಲವದು. 81 ಓಟ ಗಳಿಸಿದ್ದ ಗಾಯಕವಾಡರ ಕಿವಿಗೆ ಚೆಂಡು ಬಡಿದು ಆಸ್ಪತ್ರೆ ಸೇರಿದರು. ವಿಶ್ವನಾಥರ ಬೆರಳು ಮುರಿಯಿತು. ಬ್ರಿಜೇಶ್ ಪಟೇಲರ ಬಾಯಿಗೆ ಹೊಲಿಗೆ ಹಾಕಬೇಕಾಯಿತು. ಚೆಂಡೆಸೆಯುವ ತನ್ನ ಮತ್ತು ಬಿ. ಎಸ್. ಚಂದ್ರಶೇಖರರ ಕೈಗಳನ್ನಾದರೂ ಉಳಿಸಿಕೊಳ್ಳಲೆಂದು ನಾಯಕ ಬಿಷನ್ ಸಿಂಗ್ ಬೇಡಿ 306 ಓಟಕ್ಕೆ 6 ವಿಕೆಟ್ ಇದ್ದಾಗಲೇ ಸರದಿ ಮುಗಿಸಿದರು. ಕ್ಷೇತ್ರರಕ್ಷಣೆಯಲ್ಲಿ ಅವರಿಬ್ಬರಿಗೂ ಗಾಯವಾಯಿತು. ಎರಡನೆಯ ಸರದಿ 97 ಓಟಕ್ಕೆ ಮುಗಿದಾಗ ಐವರ ಹೆಸರಿನ ಮುಂದೆ ಗಾಯದಿಂದ ಗೈರುಹಾಜರಿ ಎಂದು ದಾಖಲಾಗಿತ್ತು.

ಸುನಿಲ್ ಗಾವಸ್ಕರರು ತಮ್ಮ ಆತ್ಮಕಥೆಯಲ್ಲಿ ಆ ಪಂದ್ಯಕ್ಕೆ ಮೀಸಲಿಟ್ಟ ಅಧ್ಯಾಯಕ್ಕೆ ಬರ್ಬರತೆ ಎಂಬ ಹೆಸರನ್ನೇ ಕೊಟ್ಟರು. ಅದು ಸೋತವರ ಗೊಣಗಾಟವೆಂದು ಕೆಲವು ಕ್ರೀಡಾ ಬರಹಗಾರರು ತಳ್ಳಿಹಾಕಿದ್ದುಂಟು. ಲಾಯ್ಡ್‌ರ ಪಕ್ಷದಲ್ಲಿಯೂ ಒಂದು ಮಾತಿದೆ: ತಾವು ಉಂಡ ಪೆಟ್ಟನ್ನೇ ಬಡಿಸಿದರು, ಅದನ್ನು ಅಡ್ಡಗಟ್ಟುವ ಸ್ಪಷ್ಟ ನಿಯಮವೂ ಇರಲಿಲ್ಲ, ಎಲ್ಲವೂ ಅಂಪೈರರ ವಿವೇಚನೆಗೆ ಬಿಟ್ಟಿತ್ತು. ಮಾತು ನಿಜ. ಆದರೆ ಪೆಟ್ಟು ಒಬ್ಬರಿಂದೊಬ್ಬರಿಗೆ ಹುಂಡಿಯಂತೆ ವರ್ಗವಾಗುವುದಾದರೆ ಕೊನೆಗೆ ಅದನ್ನು ತೀರಿಸುವವರು ಯಾರು? ಅಂದು ತೀರಿಸಿದವರು ಭದ್ರಾವತಿಯ ವಿಶ್ವನಾಥರು. ಓವರಿನಲ್ಲಿ ಒಬ್ಬ ದಾಂಡಿಗನಿಗೆ ಒಂದೇ ಬೌನ್ಸರ್ ಎಂಬ ನಿರ್ಬಂಧ ಬರಲು 1991ರವರೆಗೆ ಕಾಯಬೇಕಾಯಿತು. ಅದೂ 1994ರಲ್ಲಿ ಸಡಿಲಗೊಂಡಿತು. ತಲೆಗೆ ಪೆಟ್ಟು ಬಿದ್ದವನ ಬದಲಿಗೆ ಇನ್ನೊಬ್ಬನನ್ನು ಆಡಿಸುವ ಅವಕಾಶ ಟೆಸ್ಟ್ ಪಂದ್ಯಗಳಲ್ಲಿ ದೊರೆತದ್ದು 2019ರಲ್ಲಿ.

ಮೂವರೂ ಮರಳಿ ಆಡಿದರು. 2022ರ ಜುಲೈಯಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮುಖಕ್ಕೆ ಪೆಟ್ಟು ತಿಂದು ಕುಸಿದ ಮೈಸೂರಿನ 23 ವರ್ಷದ ತರುಣನು ಮರಳಲಿಲ್ಲ. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡನು. ಸ್ಥಳದಲ್ಲಿ ವೈದ್ಯಕೀಯ ನೆರವಿನ ವ್ಯವಸ್ಥೆ ಇರಲಿಲ್ಲವೆಂದು ತಂದೆ ದೂರಿದರು. ವ್ಯವಸ್ಥಾಪಕರ ನಿರ್ಲಕ್ಷ್ಯದ ಬಗ್ಗೆ ಪೊಲೀಸರು ಪ್ರಕರಣ ದಾಖಲಿಸಿದರು. ಅಮೆರಿಕದ ಲೀಗಿನಲ್ಲಿ ಎಷ್ಟು ದೋಷಗಳಿದ್ದರೂ 2023ರ ಜನವರಿಯಲ್ಲಿ ಡಮಾರ್ ಹ್ಯಾಮ್ಲಿನ್ ಎಂಬ ಆಟಗಾರನ ಹೃದಯ ಅಂಗಣದಲ್ಲಿಯೇ ನಿಂತಾಗ, ಕ್ಷಣಮಾತ್ರದಲ್ಲಿ ಓಡಿಬಂದವರು ಅವನನ್ನು ಬದುಕಿಸಿದರು. ಅವನು ಅದೇ ವರ್ಷ ಮರಳಿ ಅಂಗಣಕ್ಕಿಳಿದನು. ಆ ಪಂದ್ಯವನ್ನು ಅಲ್ಲಿಗೇ ನಿಲ್ಲಿಸಲಾಯಿತು. ಹಿಂಸೆಗೆ ಪ್ರಮಾದವೇ ಮೂಲವೆಂದು ತತ್ತ್ವಾರ್ಥಸೂತ್ರ ಹೇಳುವಾಗ ಕೈಯೆತ್ತಿ ಹೊಡೆದವನೊಬ್ಬನೇ ಅದರ ಲಕ್ಷ್ಯವಲ್ಲ. ಒಂದು ಆಂಬುಲೆನ್ಸಿನ ಬಾಡಿಗೆಯನ್ನು ಖರ್ಚಿನ ಪಟ್ಟಿಯಿಂದ ಕಡಿತ ಮಾಡುವವನ ಲೇಖನಿಯಲ್ಲಿಯೂ ಪ್ರಮಾದವಿರುತ್ತದೆ.

ಅದೇ ಗ್ರಂಥದ ಆರನೆಯ ಅಧ್ಯಾಯವು ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ಎಣಿಸುತ್ತದೆ. ಮಾಡಿದವನು, ಮಾಡಿಸಿದವನು, ಮೆಚ್ಚಿದವನು. ಕ್ರೀಡಾಸಂಸ್ಥೆಗಳ ದಂಡಸಂಹಿತೆ ಬಹುಕಾಲ ಮೊದಲನೆಯವನೊಂದಿಗೆ ತೃಪ್ತವಾಗಿತ್ತು. 2012ರಲ್ಲಿ ಅದು ಮೊದಲ ಬಾರಿಗೆ ಗಂಭೀರವಾಗಿ ಎರಡನೆಯವನ ಬಾಗಿಲು ತಟ್ಟಿತು. ಮೂರನೆಯವನನ್ನು ಶಿಕ್ಷಿಸುವ ಕಾನೂನು ಎಲ್ಲಿಯೂ ಇಲ್ಲ, ಇರಲಾರದು. ಆದರೆ ಇಡೀ ವ್ಯಾಪಾರಕ್ಕೆ ಬಂಡವಾಳ ಹೂಡಿದವನು ಅವನೇ. 2000ರ ದಶಕದಲ್ಲಿ ಅಮೆರಿಕದ ಪ್ರಮುಖ ಕ್ರೀಡಾವಾಹಿನಿಯೊಂದು ವಾರದ ಅತಿಕ್ರೂರ ಡಿಕ್ಕಿಗಳನ್ನು ಆರಿಸಿ, ನಿರೂಪಕರ ಉದ್ಗಾರಗಳೊಂದಿಗೆ ತೋರಿಸುತ್ತಿತ್ತು. ಮೆದುಳಿನ ಹಾನಿಯ ಸುದ್ದಿ ಹರಡಿದ ಮೇಲೆ ಅದನ್ನು ಕೈಬಿಟ್ಟಿತು. ಸಬೀನಾ ಪಾರ್ಕಿನಲ್ಲಿ ಪ್ರತಿ ಬೌನ್ಸರಿಗೂ ಪ್ರೇಕ್ಷಕರು ರಕ್ತ ಬಯಸಿ ಕೂಗುತ್ತಿದ್ದರೆಂದು ಗಾವಸ್ಕರರು ಬರೆದಿದ್ದಾರೆ. ಬೆಂಗಳೂರಿನ ತರುಣನು ಕುಸಿದು ಬಿದ್ದ ದೃಶ್ಯವೂ ಮೊಬೈಲ್ ಫೋನುಗಳಲ್ಲಿ ಮನೆಮನೆಗೆ ತಲುಪಿತು, ಮತ್ತು ನೋಡಿದವರು ಅದನ್ನು ಇನ್ನೊಬ್ಬರಿಗೆ ಕಳುಹಿಸಿದರು.