ಇಲ್ಲದ ಮೆಮೊರಿಯ ಭರವಸೆ

ಪರೀಕ್ಷಾ ಫಲಿತಾಂಶ ಪ್ರಕಟವಾದ ದಿನ ಜಾಲತಾಣ ಸ್ತಬ್ಧವಾದರೆ ‘ಸರ್ವರ್ ಡೌನ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಇನ್ನಷ್ಟು ರ‍್ಯಾಮ್ ಹಾಕಿಸಿ’ ಎಂಬ ಔಷಧವೂ ಸಿದ್ಧ. ರೋಗ ಯಾವುದೆಂದು ನೋಡದೆ ಕೊಡುವ ಈ ಔಷಧವನ್ನು ಒಪ್ಪುವುದು ಕಷ್ಟ.

ಪೋಸ್ಟ್‌ಗ್ರೆಸ್ ಎಂಬ ಮುಕ್ತ ತಂತ್ರಾಂಶದ ಡೇಟಾಬೇಸ್ ಕ್ಲಸ್ಟರೊಂದು ಲಿನಕ್ಸ್ ಗಣಕದಲ್ಲಿ ನಡೆಯುತ್ತಿದೆ ಎನ್ನಿ. (ಒಂದೇ ಸರ್ವರ್ ನೋಡಿಕೊಳ್ಳುವ ಡೇಟಾಬೇಸ್‌ಗಳ ಗುಂಪಿಗೆ ಪೋಸ್ಟ್‌ಗ್ರೆಸ್‌ನಲ್ಲಿ ಕ್ಲಸ್ಟರ್ ಎಂದೇ ಹೆಸರು, ಹಲವು ಗಣಕಗಳು ಇರಬೇಕೆಂದಿಲ್ಲ.) ಮೆಮೊರಿ ಸಾಲದಾದಾಗ ಎರಡು ಬಗೆಯ ವೈಫಲ್ಯ ಸಾಧ್ಯ. ಕೇಳಿದ ಕ್ಷಣದಲ್ಲೇ ‘ಇಲ್ಲ’ ಎಂಬ ಉತ್ತರ ಬಂದರೆ ಆ ಒಂದು ವಿಚಾರಣೆ ಮಾತ್ರ ನಿಲ್ಲುತ್ತದೆ, ಉಳಿದವರ ಕೆಲಸ ಸಾಗುತ್ತದೆ. ಇದು ಪ್ರಾಮಾಣಿಕ ವೈಫಲ್ಯ. ಎರಡನೆಯದರಲ್ಲಿ ಲಿನಕ್ಸ್ ಮೊದಲು ‘ಇದೆ’ ಎನ್ನುತ್ತದೆ; ಬಳಸಲು ಹೊರಟಾಗ ಸಾಲದೆ, ಯಾವುದೋ ಒಂದು ಪ್ರಕ್ರಿಯೆಯನ್ನು ಕೊಲ್ಲುತ್ತದೆ. ದಾಖಲೆಯಲ್ಲಿ ‘ಸಿಗ್ನಲ್ 9’ ಕಂಡರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ.

ಮದುವೆಗೆ 1000 ಜನರನ್ನು ಕರೆದು 600 ಎಲೆಗೆ ಅಡುಗೆ ಮಾಡಿಸಿದಂತೆ ಈ ಏರ್ಪಾಡು. ಇದಕ್ಕೆ ಸಮರ್ಥನೆ ಇಲ್ಲದಿಲ್ಲ: ಕೇಳಿದ ಮೆಮೊರಿಯನ್ನೆಲ್ಲ ಬಳಸುವ ಪ್ರೋಗ್ರಾಮ್‌ಗಳು ಕಡಿಮೆ. ಆದರೆ ಎಲ್ಲರೂ ಬಂದೇಬಿಟ್ಟರೆ? ಸಾಮಾನ್ಯವಾಗಿ ಅತಿ ಹೆಚ್ಚು ಉಣ್ಣುತ್ತಿರುವವನನ್ನೇ ಲಿನಕ್ಸ್ ಪಂಕ್ತಿಯಿಂದ ಎಬ್ಬಿಸುತ್ತದೆ. ಡೇಟಾಬೇಸ್ ಸರ್ವರಿನಲ್ಲಿ ಆ ಹೊಟ್ಟೆಬಾಕ ಯಾರೆಂದು ಬೇರೆ ಹೇಳಬೇಕಿಲ್ಲ. ಪೋಸ್ಟ್‌ಗ್ರೆಸ್‌ನ ಒಂದು ಪ್ರಕ್ರಿಯೆ ಹೀಗೆ ಸತ್ತರೆ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂಬ ಎಚ್ಚರದಿಂದ ಅದು ಉಳಿದ ಸಂಪರ್ಕಗಳನ್ನೂ ಕಡಿದು, ಚೇತರಿಕೆ ಮುಗಿಸಿ ಮತ್ತೆ ಶುರುವಾಗುತ್ತದೆ. ಅಂಕ ನೋಡುತ್ತಿದ್ದ ಎಲ್ಲ ವಿದ್ಯಾರ್ಥಿಗಳೂ ಒಟ್ಟಿಗೆ ಹೊರಬೀಳುತ್ತಾರೆ. ಇದಕ್ಕೆ ಪೋಸ್ಟ್‌ಗ್ರೆಸ್ಸನ್ನು ದೂರಲಾಗದು. ಅಂಕಗಳು ತಪ್ಪಾಗುವುದಕ್ಕಿಂತ ತಡವಾಗುವುದು ಮೇಲು.

ರ‍್ಯಾಮ್ ಏಕೆ ಮದ್ದಲ್ಲ? ನೀವೇ ಗುಣಿಸಿ ನೋಡಿ. ‘ವರ್ಕ್ ಮೆಮ್’ ಎಂಬ ಮಿತಿ ಇಡೀ ಸರ್ವರಿನದೆಂದು ಅನೇಕರು ತಿಳಿದಿರುತ್ತಾರೆ. ಅದು ಒಂದೊಂದು ವಿಂಗಡಣೆಗೂ ಪ್ರತ್ಯೇಕ. ಮೂಲತಃ 4 ಎಂಬಿ ಇರುವ ಅದನ್ನು ವೇಗದ ಆಸೆಗೆ 64ಕ್ಕೆ ಏರಿಸಿದಿರಿ ಎನ್ನಿ. 200 ಸಂಪರ್ಕಗಳು, ಪ್ರತಿಯೊಂದರಲ್ಲೂ 2 ವಿಂಗಡಣೆ: ಒಟ್ಟು 25,600 ಎಂಬಿ, ಅಂದರೆ 25 ಜಿಬಿ. ಗಣಕದಲ್ಲಿರುವುದು 16 ಜಿಬಿ! 32ಕ್ಕೆ ಏರಿಸಿದರೆ ಅದೇ ಧೈರ್ಯದಲ್ಲಿ ಮಿತಿಯನ್ನು 128 ಎಂಬಿ ಮಾಡುವವರೂ ಇರುತ್ತಾರೆ.

ಸಂಪರ್ಕಗಳನ್ನೂ ಈ ಮಿತಿಯನ್ನೂ ತಗ್ಗಿಸುವುದು ಮೊದಲ ಹೆಜ್ಜೆ. ಬಳಿಕ ಲಿನಕ್ಸ್‌ನ ‘ಓವರ್‌ಕಮಿಟ್ ಮೆಮೊರಿ’ಯನ್ನು 2ಕ್ಕೆ ಇಟ್ಟರೆ, ಅದು ಕೊಡಲಾರದ್ದಕ್ಕೆ ಮೊದಲೇ ‘ಇಲ್ಲ’ ಎನ್ನುತ್ತದೆ. ಇದನ್ನೂ ಕಣ್ಣುಮುಚ್ಚಿ ಮಾಡಬೇಡಿ. ಆಗ ಭರವಸೆಯ ಮಿತಿ ಎಂದರೆ ಸ್ವಾಪ್ ಜೊತೆಗೆ ರ‍್ಯಾಮ್‌ನ ಶೇ. 50. ಸ್ವಾಪ್ ಇಲ್ಲದ 16 ಜಿಬಿ ಗಣಕದಲ್ಲಿ ಅದು 8 ಜಿಬಿ. ಅರ್ಧ ಮೆಮೊರಿ ಖಾಲಿ ಕಾಣುತ್ತಿದ್ದರೂ ಬೇಡಿಕೆ ತಿರಸ್ಕೃತವಾಗುತ್ತದೆ. ನೋಡಬೇಕಾದದ್ದು ಖಾಲಿ ಜಾಗವನ್ನಲ್ಲ, ‘ಕಮಿಟ್ ಲಿಮಿಟ್’ ಮತ್ತು ‘ಕಮಿಟೆಡ್ ಎಎಸ್’ ಎಂಬ ಎರಡು ಸಂಖ್ಯೆಗಳನ್ನು. ಎರಡನೆಯದು ಮೊದಲನೆಯದರ ಸಮೀಪಕ್ಕೆ ಬಂದಿದ್ದರೆ ಶೇ. 50ನ್ನು 80 ಮಾಡಿ, ಮಿತಿ 12.8 ಜಿಬಿಗೆ ಏರುತ್ತದೆ.