ಮೃಗರೂಪಿಯ ಮೌನ: ಒಂದು ಆಟದ ನಿಯಮದ ಪರಾಮರ್ಶೆ

ಆಟದ ನಿಯಮಗಳನ್ನು ತಿಳಿಸುವ ಪುಸ್ತಕವೂ ಒಂದು ಗ್ರಂಥವೇ. ಅದಕ್ಕೂ ಆವೃತ್ತಿಗಳುಂಟು, ಪಾಠಭೇದಗಳುಂಟು, ಒಂದೊಂದು ವಾಕ್ಯದ ಅರ್ಥಕ್ಕಾಗಿ ವಾದಿಸುವ ಭಾಷ್ಯಕಾರರೂ ಉಂಟು. ಶಾಸನದಲ್ಲಿ ಒಂದಕ್ಷರ ಲುಪ್ತವಾದರೆ ರಾಜನೊಬ್ಬನ ಕಾಲನಿರ್ಣಯವೇ ವ್ಯತ್ಯಸ್ತವಾಗುವುದನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಗೆ, ನಿಯಮಗ್ರಂಥವೊಂದರಲ್ಲಿ ಎರಡು ಮೂರು ಪದಗಳು ಸೇರಿದ ಮಾತ್ರದಿಂದ ಆಟದ ಒಂದು ರಸಸ್ಥಾನವೇ ಅಳಿಸಿಹೋಯಿತೆಂದರೆ ಆಶ್ಚರ್ಯವಾಗಬೇಕಾಗಿಲ್ಲ. ಪ್ರಕೃತ ಲೇಖನದ ವಿಷಯ ಅಂಥ ಒಂದು ಬದಲಾವಣೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರ ಆಡುವ ಮಾತನ್ನೂ ಮಾಡುವ ಕಾರ್ಯವನ್ನೂ ಬಾಯಿಂದಲೇ ಹೇಳುತ್ತಾರೆ. ಡಂಜನ್ ಮಾಸ್ಟರ್ ಎನಿಸಿಕೊಳ್ಳುವ ಇನ್ನೊಬ್ಬನು ಅವರ ಸುತ್ತಲ ಲೋಕವನ್ನು ವರ್ಣಿಸುತ್ತ ಕಥೆಯನ್ನು ನಡೆಸುತ್ತಾನೆ. ವೇಷವಿಲ್ಲದೆ ಕುಳಿತು, ಪ್ರಸಂಗದ ಚೌಕಟ್ಟಿನೊಳಗೆ ತಮ್ಮ ಮಾತನ್ನು ತಾವೇ ಕಟ್ಟುವ ತಾಳಮದ್ದಳೆಯ ಅರ್ಥಧಾರಿಗಳನ್ನು ಬಲ್ಲವರಿಗೆ ಈ ಪದ್ಧತಿ ತೀರ ಅಪರಿಚಿತವೆನಿಸದು. ಭೇದವಿಷ್ಟೆ: ಇಲ್ಲಿ ಪ್ರಸಂಗದ ಅಂತ್ಯ ಯಾರಿಗೂ ತಿಳಿದಿರುವುದಿಲ್ಲ, ಸಂದೇಹವುಳ್ಳ ಕಾರ್ಯಗಳ ಫಲವನ್ನು ದಾಳ ನಿರ್ಣಯಿಸುತ್ತದೆ. ಪಾತ್ರಗಳು ತಂಡವಾಗಿ ಸಂಚರಿಸುತ್ತವೆ. ತಂಡದ ಕ್ಷೇಮವೆಲ್ಲ ಅವರು ಪರಸ್ಪರ ಏನು ತಿಳಿಸಬಲ್ಲರು ಎಂಬುದನ್ನು ಆಶ್ರಯಿಸಿದೆ.

ಈ ಪಾತ್ರಗಳಲ್ಲಿ ಡ್ರೂಯಿಡ್ ಎಂಬುದೊಂದು. 1976ರ ಪೂರಕ ಪುಸ್ತಕದಲ್ಲಿ ಆಟಗಾರರಿಗೆ ಈ ಪಾತ್ರ ದೊರೆಯಿತು. 1978ರ ಗ್ರಂಥದ ಪ್ರಕಾರ, ಏಳನೆಯ ಹಂತಕ್ಕೇರಿದ ಡ್ರೂಯಿಡನು ದಿನಕ್ಕೆ ಮೂರು ಸಲ, ಒಮ್ಮೆ ಸರೀಸೃಪವಾಗಿ, ಒಮ್ಮೆ ಪಕ್ಷಿಯಾಗಿ, ಒಮ್ಮೆ ಸಸ್ತನಿಯಾಗಿ ರೂಪ ಬದಲಿಸಬಲ್ಲನು. ಹೆಸರೇನೋ ಪ್ರಾಚೀನ ಗಾಲ್ ಮತ್ತು ಬ್ರಿಟನ್ ದೇಶಗಳ ಪುರೋಹಿತವರ್ಗದ್ದು. ಆದರೆ ಆ ವರ್ಗವನ್ನು ಕುರಿತು ವಿಸ್ತಾರವಾಗಿ ಬರೆದ ಜೂಲಿಯಸ್ ಸೀಸರನು ತನ್ನ ಗಾಲಿಕ್ ಯುದ್ಧದ ಆರನೆಯ ಭಾಗದಲ್ಲಿ ರೂಪಾಂತರದ ಮಾತನ್ನೇ ಎತ್ತುವುದಿಲ್ಲ. ಬೇಕಾದ ಪ್ರಾಣಿಯಾಗಿ ಮಾರ್ಪಡಬಲ್ಲ ಒಂಬತ್ತು ಮಂದಿ ಕನ್ಯೆಯರು ಸೇನಾ ಎಂಬ ದ್ವೀಪದಲ್ಲಿದ್ದರೆಂದು ಪೊಂಪೋನಿಯಸ್ ಮೇಲಾ ಹೇಳುತ್ತಾನೆ. ಅವನು ಅವರನ್ನು ಡ್ರೂಯಿಡರೆಂದು ಕರೆದಿಲ್ಲ. ಆದುದರಿಂದ ಆಟದ ಡ್ರೂಯಿಡನು ಹಲವು ಮೂಲಗಳ ಮಿಶ್ರಣವೇ ಹೊರತು ಐತಿಹಾಸಿಕ ವ್ಯಕ್ತಿಯಲ್ಲ. ಆದರೂ ಒಂದು ಸಾಮ್ಯ ಗಮನಾರ್ಹ. ಸೀಸರನ ಡ್ರೂಯಿಡರು ಇತರ ವ್ಯವಹಾರಗಳಿಗೆ ಗ್ರೀಕ್ ಲಿಪಿಯನ್ನು ಬಳಸುತ್ತಿದ್ದರೂ ತಮ್ಮ ವಿದ್ಯೆಯನ್ನು ಬರಹಕ್ಕೆ ಇಳಿಸುತ್ತಿರಲಿಲ್ಲ. ಕೆಲವರು ಇಪ್ಪತ್ತು ವರ್ಷ ಕಲಿಯುತ್ತಿದ್ದರಂತೆ. ಬಾಯಿಮಾತನ್ನೇ ನಂಬಿದ ಆ ವರ್ಗದ ಹೆಸರನ್ನು ಹೊತ್ತ ಪಾತ್ರವೇ, ಆಟದಲ್ಲಿ ತನ್ನ ಅತ್ಯುತ್ತಮ ಶಕ್ತಿಯನ್ನು ಪ್ರಯೋಗಿಸಿದ ಕ್ಷಣದಲ್ಲಿ ಬಾಯಿಮಾತನ್ನು ಕಳೆದುಕೊಂಡಿತು.

ಈ ನಷ್ಟವನ್ನು ಸ್ಪಷ್ಟವಾಗಿ ನಿರೂಪಿಸಿದ ಗ್ರಂಥಗಳಲ್ಲಿ 2003ರ ಪರಿಷ್ಕೃತ ಮೂರನೆಯ ಆವೃತ್ತಿ ಮುಖ್ಯವಾದುದು. ಇಲ್ಲಿ ಈ ಶಕ್ತಿಗೆ ವೈಲ್ಡ್ ಶೇಪ್ ಎಂದು ಹೆಸರು. ಪ್ರಾಣಿರೂಪ ತಾಳಿದವನು ಶಿಕ್ಷಣವಿಲ್ಲದ ಆ ಪ್ರಾಣಿ ಸಹಜವಾಗಿ ಹೊರಡಿಸುವ ಧ್ವನಿಗಳನ್ನು ಮಾತ್ರ ಹೊರಡಿಸಬಲ್ಲನು, ಅದೇ ವರ್ಗದ ಇತರ ಪ್ರಾಣಿಗಳೊಡನೆ ಸಂಭಾಷಿಸಬಲ್ಲನು, ಸಂಗಡಿಗರೊಡನೆ ಇಲ್ಲ. ಕಾಡುಗಿಳಿಯ ಸಹಜಧ್ವನಿ ಕಿರುಚಾಟವಾದುದರಿಂದ ಗಿಳಿಯಾದರೂ ಮಾತು ಬರುವುದಿಲ್ಲವೆಂದು ಗ್ರಂಥಕಾರರು ಬೇರೆಯಾಗಿ ಹೇಳಿದ್ದಾರೆ. ದಾನಶಾಸನದ ಕೊನೆಯಲ್ಲಿ ಇಂಥಿಂಥ ಅಪಹಾರ ಮಾಡಿದವನಿಗೆ ಇಂಥ ಪಾಪವೆಂದು ಹೆಸರಿಸಿ ಶಪಿಸಿದ್ದರೆ, ಅಂಥ ಅಪಹಾರಗಳು ನಡೆಯುತ್ತಿದ್ದುವೆಂದೇ ನಾವು ತಿಳಿಯುತ್ತೇವೆ. ಗಿಳಿಯ ಹೆಸರನ್ನು ಹಿಡಿದು ನಿಷೇಧಿಸಿರುವುದನ್ನು ನೋಡಿದರೆ, ಯಾವನೋ ಜಾಣ ಆಟಗಾರನು ಗಿಳಿಯಾಗಿ ಮಾತನಾಡಲು ಹೊರಟಿದ್ದನೆಂದು ಊಹಿಸುವುದು ಸಾಹಸವಾಗಲಾರದು. ಅದೇ ಗ್ರಂಥದಲ್ಲಿ ಇನ್ನೊಂದು ವಿನೋದವೂ ಉಂಟು. ನ್ಯಾಚುರಲ್ ಸ್ಪೆಲ್ ಎಂಬ ವಿಶೇಷ ಸಾಮರ್ಥ್ಯವನ್ನು ಪಡೆದ ಡ್ರೂಯಿಡನು ಮಂತ್ರಾಕ್ಷರಗಳಿಗೆ ಬದಲಾಗಿ ಗುರುಗುಟ್ಟಿಯೇ ಮಂತ್ರವನ್ನು ಪ್ರಯೋಗಿಸಬಹುದು. ಕರಡಿಯ ಗುರುಗುಟ್ಟುವಿಕೆ ಮಿಂಚನ್ನು ಕರೆಯಬಲ್ಲುದು, ಪಕ್ಕದಲ್ಲಿರುವ ಗೆಳೆಯನಿಗೆ ಜಾಗ್ರತೆ ಹೇಳಲಾರದು!

2014ರ ಐದನೆಯ ಆವೃತ್ತಿಯಲ್ಲಿ ಭಾಷೆ ಸರಳವಾಯಿತು. ಆದರೆ ಮೌನ ಉಳಿಯಿತು. ಎರಡನೆಯ ಹಂತದಿಂದಲೇ ರೂಪಾಂತರ ಸಾಧ್ಯ. ಒಂದು ವಿಶ್ರಾಂತಿಯಿಂದ ಇನ್ನೊಂದು ವಿಶ್ರಾಂತಿಯವರೆಗೆ ಎರಡೇ ಸಲ. ದೇಹ ಮೃಗದ್ದು, ಬುದ್ಧಿ, ವಿವೇಕ, ವ್ಯಕ್ತಿತ್ವಗಳು ತನ್ನವೇ. ಮಾತನಾಡುವ ಶಕ್ತಿಯೂ ಕೈಗಳನ್ನು ಅಪೇಕ್ಷಿಸುವ ಕಾರ್ಯಗಳೂ ಆ ಮೃಗದೇಹದ ಸಾಮರ್ಥ್ಯಕ್ಕೆ ಒಳಪಟ್ಟುವು. ಇದರ ಪಕ್ಕದಲ್ಲಿ ಪಾಲಿಮಾರ್ಫ್ ಎಂಬ ಮಂತ್ರವನ್ನು ಇರಿಸಿ ನೋಡಬೇಕು. ಆ ಮಂತ್ರಕ್ಕೆ ಸಿಕ್ಕವನಿಗೆ ಮಾತು ಹೋಗುವುದರ ಜೊತೆಗೆ ಬುದ್ಧಿಯೂ ಮೃಗದ್ದೇ ಆಗುತ್ತದೆ. ಅವನಿಗೆ ಹೇಳಬೇಕಾದುದು ಹೆಚ್ಚೇನೂ ಇರುವುದಿಲ್ಲ. ಡ್ರೂಯಿಡನ ಸ್ಥಿತಿ ಬೇರೆ. ಎಲ್ಲವನ್ನೂ ಬಲ್ಲ, ಏನನ್ನೂ ಹೇಳಲಾರ.

ಮೇಜಿನ ಬಳಿ ಇದರ ಪರಿಣಾಮವೇನೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಶತ್ರುವಿನ ಕೋಟೆಯೊಳಗೆ ಡ್ರೂಯಿಡನು ಇಲಿಯಾಗಿ ನುಸುಳುತ್ತಾನೆ. ಹಿಂಬಾಗಿಲ ಕಾವಲುಗಾರ ನಿದ್ರಿಸುತ್ತಿರುವುದನ್ನೂ, ಮುಂಬಾಗಿಲ ಹಿಂದೆ ಬಿಲ್ಲುಗಾರರು ಹೊಂಚಿ ಕುಳಿತಿರುವುದನ್ನೂ ಕಂಡು ಹಿಂದಿರುಗುತ್ತಾನೆ. ಸಂಗಡಿಗರು ಮುಂಬಾಗಿಲಿಗೆ ಹೊರಟು ನಿಂತಿದ್ದಾರೆ. ಈಗ ಇಲಿ ಏನು ಮಾಡಬೇಕು? ಮನುಷ್ಯರೂಪಕ್ಕೆ ಮರಳಿದರೆ ಮಾತು ಬರುತ್ತದೆ. ಆದರೆ ಎರಡರಲ್ಲಿ ಒಂದು ಅವಕಾಶ ಆಗಲೇ ಮುಗಿದಿದೆ, ಮತ್ತೆ ಒಳಹೊಗಬೇಕಾದರೆ ಉಳಿದ ಒಂದನ್ನೂ ತೆರಬೇಕು. ಹೀಗೆ ಮಾತಿಗೆ ಬೆಲೆ ಬಂತು. ಆಟದಲ್ಲಿ ಮಿಕ್ಕ ಯಾವ ಪಾತ್ರಕ್ಕೂ ಒಂದು ವಾಕ್ಯವನ್ನು ನುಡಿಯುವುದಕ್ಕೆ ಇಷ್ಟು ವೆಚ್ಚವಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಂಶವಿದೆ. ಇಲಿಗೆ ಮಾತಿಲ್ಲ, ಇಲಿಯನ್ನು ಆಡಿಸುವ ಆಟಗಾರನಿಗೆ ಉಂಟು. ಅವನು ಕಂಡುದನ್ನು ಡಂಜನ್ ಮಾಸ್ಟರನು ಎಲ್ಲರ ಎದುರಿನಲ್ಲಿಯೇ ವರ್ಣಿಸಿರುತ್ತಾನೆ. ಮೇಜಿನ ಸುತ್ತ ಕುಳಿತ ಎಲ್ಲರಿಗೂ ಬಿಲ್ಲುಗಾರರ ವಿಷಯ ತಿಳಿದಿದೆ. ಅವರ ಪಾತ್ರಗಳಿಗೆ ಮಾತ್ರ ತಿಳಿದಿಲ್ಲ. ತಿಳಿದೂ ತಿಳಿಯದವರಂತೆ ತಮ್ಮ ಪಾತ್ರವನ್ನು ಅಪಾಯದತ್ತ ನಡೆಯಿಸುವ ಪ್ರಾಮಾಣಿಕತೆಯನ್ನು ಯಾವ ದಾಳವೂ ಅಳೆಯಲಾರದು. ನಿಯಮ ಮೌನವನ್ನು ವಿಧಿಸುವುದು ಡ್ರೂಯಿಡನೊಬ್ಬನಿಗೆ. ಅದನ್ನು ಪಾಲಿಸಬೇಕಾದವರು ಎಲ್ಲರೂ.

ಮೌನವನ್ನು ದಾಟಲು ಆಟಗಾರರು ಹಿಡಿದ ದಾರಿಗಳು ಅನೇಕ. ರೇಂಜರನೋ ಬಾರ್ಡನೋ ತಂಡದಲ್ಲಿದ್ದರೆ, ಪ್ರಾಣಿಗಳೊಡನೆ ಸಂಭಾಷಿಸುವ ಮಂತ್ರದಿಂದ ಹತ್ತು ನಿಮಿಷಗಳ ಮಟ್ಟಿಗೆ ಕಷ್ಟ ಪರಿಹಾರವಾಗುತ್ತದೆ; ರೂಪ ಬದಲಿಸಿದ ಮನುಷ್ಯನನ್ನು ಪ್ರಾಣಿಯೆಂದು ಗಣಿಸಬಹುದೇ ಎಂಬ ತರ್ಕ ಮಾತ್ರ ಉಳಿಯುತ್ತದೆ. ಮೇಲಿನ ಹಂತದ ಮಾಂತ್ರಿಕನು ಎಂಟು ಮಂದಿಯ ಮನಸ್ಸುಗಳನ್ನು ಒಂದು ಗಂಟೆಯ ಕಾಲ ಬೆಸೆಯಬಲ್ಲನು. ಬುದ್ಧಿಯ ಅಂಕ ಎರಡಕ್ಕೆ ಮೀರದ ಜೀವಿಗಳಿಗೆ ಆ ಮಂತ್ರ ತಾಗುವುದಿಲ್ಲ. ಡ್ರೂಯಿಡನ ಬುದ್ಧಿ ಅವನದೇ ಆಗಿರುವುದರಿಂದ ಅವನಿಗೆ ಪ್ರವೇಶವುಂಟು. 2014ರ ಗ್ರಂಥದ ಕಾಗೆಯ ಜಾತಿಯ ರೇವನ್ ಎಂಬ ಹಕ್ಕಿ ತಾನು ಕೇಳಿದ ಸರಳ ಧ್ವನಿಗಳನ್ನು, ಮನುಷ್ಯನ ಪಿಸುಮಾತನ್ನೂ ಕೂಡ, ಅನುಕರಿಸಬಲ್ಲುದು. ಹಿಂದೆ ಗಿಳಿಗೆ ಮುಚ್ಚಿದ ಬಾಗಿಲು ಇದಕ್ಕೆ ಅರ್ಧ ತೆರೆದಿದೆ. ಆದರೆ ಹಾರುವ ರೂಪ ಎಂಟನೆಯ ಹಂತದವರೆಗೆ ದೊರೆಯದು. ಇವೆಲ್ಲ ಮಂತ್ರದ ಬಲದಿಂದಲೋ ಗ್ರಂಥದ ಸಂದಿನಿಂದಲೋ ಸಿಕ್ಕ ಉಪಾಯಗಳು. ಇವುಗಳಲ್ಲಿ ಚಾತುರ್ಯವಿದೆ, ಅದಕ್ಕಿಂತ ಹೆಚ್ಚಿನದು ನನಗೆ ಕಾಣುವುದಿಲ್ಲ. ಮಂತ್ರವಿಲ್ಲದ ಉಪಾಯವೇ ಶ್ರೇಷ್ಠವಾದುದು: ಹೊರಡುವ ಮುನ್ನವೇ ಕುಳಿತು ಸಂಕೇತಗಳನ್ನು ಗೊತ್ತುಮಾಡಿಕೊಳ್ಳುವುದು. ಒಮ್ಮೆ ಗುರುಗುಟ್ಟಿದರೆ ಹೌದು, ಎರಡು ಸಲವಾದರೆ ಅಲ್ಲ. ಬಾಲ ನೆಲಕ್ಕೆ ಬಡಿದರೆ ಹಿಂದಿರುಗಿ. ಧೂಳಿನ ಮೇಲೆ ಉಗುರಿನಿಂದ ಎಳೆದ ಗೆರೆಗಳಷ್ಟೇ ಶತ್ರುಗಳ ಸಂಖ್ಯೆ.

ಇಲ್ಲಿ ನಮ್ಮವರಿಗೆ ವಿರಾಟಪರ್ವ ನೆನಪಾಗದೆ ಇರದು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಮತ್ಸ್ಯನಗರವನ್ನು ಪ್ರವೇಶಿಸುವ ಮುನ್ನ, ಲೋಕಕ್ಕೆ ಹೇಳುವ ಕಂಕ, ವಲಲ ಮೊದಲಾದ ಹೆಸರುಗಳಲ್ಲದೆ, ತಮ್ಮತಮ್ಮೊಳಗೆ ಕರೆದುಕೊಳ್ಳುವುದಕ್ಕಾಗಿ ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂಬ ಗುಪ್ತನಾಮಗಳನ್ನು ಗೊತ್ತುಮಾಡಿಕೊಂಡರೆಂದು ವ್ಯಾಸಭಾರತ ಹೇಳುತ್ತದೆ. ಕಥೆಯ ಆ ಘಟ್ಟದಲ್ಲಿ ಅದು ಅಲ್ಪವಿಷಯವೆಂದು ತೋರುತ್ತದೆ. ಕೀಚಕನ ವಧೆಯಾದ ಮೇಲೆ ಉಪಕೀಚಕರು ದ್ರೌಪದಿಯನ್ನು ಶವದೊಡನೆ ದಹಿಸಲು ಕಟ್ಟಿ ಒಯ್ಯುವಾಗ ಅವಳು ಕೂಗುವುದು ಆ ಐದು ಹೆಸರುಗಳನ್ನು. ಸ್ಮಶಾನದ ದಾರಿಯಲ್ಲಿದ್ದವರಿಗೆಲ್ಲ ಅದು ಅರ್ಥವಿಲ್ಲದ ಆಕ್ರಂದನ. ಭೀಮನೊಬ್ಬನಿಗೆ ಅದು ಕರೆ. ಪಾಂಡವರದು ಮೃಗರೂಪವಲ್ಲವೆಂಬುದು ನಿಜ. ಆದರೆ ತನ್ನ ನಿಜರೂಪವನ್ನು ಪ್ರಕಟಿಸದೆ ಸಂಗಡಿಗನನ್ನು ಕರೆಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಯೂ ಇಲ್ಲಿಯೂ ಒಂದೇ, ಉತ್ತರವೂ ಒಂದೇ: ಮಾತಿರುವಾಗಲೇ ಮಾಡಿಕೊಂಡ ಒಪ್ಪಂದ.

ಒಪ್ಪಂದವಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ರೋಮನ್ ಕವಿ ಓವಿಡನ ಆಕ್ಟಿಯಾನನು ಸಾಕ್ಷಿ. ಜಿಂಕೆಯಾಗಿ ಮಾರ್ಪಟ್ಟ ಆ ಬೇಟೆಗಾರನ ಮನಸ್ಸು ಮೊದಲಿನಂತೆಯೇ ಇದೆ. ತಾನು ಯಾರೆಂದು ಕೂಗಿ ಹೇಳಬೇಕೆಂದಿದ್ದಾನೆ, ಬಾಯಿಯಲ್ಲಿ ಪದವಿಲ್ಲ. ಅವನ ನಾಯಿಗಳೇ ಅವನನ್ನು ಸೀಳುತ್ತವೆ; ಅವನ ಗೆಳೆಯರೇ ಅವುಗಳನ್ನು ಹುರಿದುಂಬಿಸುತ್ತ, ಇಂಥ ಬೇಟೆಯನ್ನು ನೋಡಲು ಆಕ್ಟಿಯಾನನು ಇಲ್ಲವಲ್ಲಾ ಎಂದು ಅವನ ಹೆಸರು ಹಿಡಿದು ಕರೆಯುತ್ತಾರೆ. ಹಸುವಾದ ಈಯೋ ತಂದೆಯ ಎದುರಿನಲ್ಲಿ ಗೊರಸಿನಿಂದ ಧೂಳಿನ ಮೇಲೆ ಬರೆದು ತಿಳಿಸುವುದೂ, ಅಪುಲೀಯಸನ ಕಥೆಯಲ್ಲಿ ಕತ್ತೆಯಾದ ಲೂಸಿಯಸನು ಸೀಸರನ ಹೆಸರನ್ನು ಕೂಗಲು ಹೋಗಿ ಓ ಎಂಬ ಸ್ವರವೊಂದನ್ನೇ ಹೊರಡಿಸುವುದೂ ಇದೇ ಪರಂಪರೆಗೆ ಸೇರಿದುವು. ನಮ್ಮ ಪುರಾಣಗಳ ಮಾರ್ಗ ಬೇರೆ. ಜಿಂಕೆಯ ರೂಪದಲ್ಲಿ ಬಾಣ ತಾಗಿದ ಕಿಂದಮನು ಪಾಂಡುವಿನೊಡನೆ ವಾದಿಸುತ್ತಾನೆ. ಹೆಬ್ಬಾವಾದ ನಹುಷನು ಯುಧಿಷ್ಠಿರನೊಡನೆ ಧರ್ಮಜಿಜ್ಞಾಸೆ ನಡೆಸುತ್ತಾನೆ. ಶಾಪವನ್ನು ನುಡಿಯಬೇಕಾದ ಕಥೆಗೂ ವಿಮೋಚನೆಯನ್ನು ಕೇಳಬೇಕಾದ ಕಥೆಗೂ ಮಾತು ಅನಿವಾರ್ಯ. ಬೆದರಿಕೆ, ಬೇಹು, ಪಲಾಯನಗಳ ಮೇಲೆ ನಿಂತ ಆಟಕ್ಕೆ ಓವಿಡನ ಮಾರ್ಗವೇ ಉಚಿತವಾಗಿತ್ತು.

2024ರ ಪರಿಷ್ಕೃತ ಗ್ರಂಥದಲ್ಲಿ ಆ ಮಾರ್ಗ ಕೈಬಿಟ್ಟುಹೋಯಿತು. ರೂಪಾಂತರ ಹೊಂದಿದ ಡ್ರೂಯಿಡನು ತನ್ನ ವ್ಯಕ್ತಿತ್ವ, ಸ್ಮರಣೆಗಳ ಜೊತೆಗೆ ಮಾತನಾಡುವ ಶಕ್ತಿಯನ್ನೂ ಉಳಿಸಿಕೊಳ್ಳುತ್ತಾನೆ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಸಂಜೆಯೆಲ್ಲ ಆಡಲು ಬಂದ ಆಟಗಾರನು ಗಂಟೆಗಟ್ಟಲೆ ಮೂಕನಾಗಿ ಕೂರುವುದು ಬೇಸರದ ಸಂಗತಿ. ಯಾವ ಹಕ್ಕಿ ಎಷ್ಟು ಉಲಿಯಬಲ್ಲುದು, ಯಾವ ಪಂಜ ಎಷ್ಟು ಬರೆಯಬಲ್ಲುದು ಎಂದು ಪ್ರತಿಸಲವೂ ತೀರ್ಪು ಕೊಡುವುದು ಡಂಜನ್ ಮಾಸ್ಟರನಿಗೂ ಹೊರೆ. ಹೊಸಬರಿಗೆ ಆಟ ಸುಲಭವಾಗಬೇಕೆಂಬ ಉದ್ದೇಶವನ್ನು ಯಾರೂ ಆಕ್ಷೇಪಿಸಲಾರರು. ಆದರೆ ಬೇಸರದ ಪರಿಹಾರಕ್ಕಾಗಿ ಬೆಲೆಯನ್ನೇ ರದ್ದುಮಾಡಿದುದು ಯುಕ್ತವೆಂದು ನನಗೆ ತೋರುವುದಿಲ್ಲ. ಇಲಿ ಈಗ ಕೋಟೆಯಿಂದ ಓಡಿಬಂದು, ಹಿಂಬಾಗಿಲಿಗೆ ಹೋಗಿರೆಂದು ಹೇಳಿ ಮತ್ತೆ ಒಳಕ್ಕೆ ಹೋಗುತ್ತದೆ. ಹೊರಡುವ ಮುನ್ನ ಕುಳಿತು ಸಂಕೇತಗಳನ್ನು ಗೊತ್ತುಮಾಡಿಕೊಳ್ಳುವ ಆವಶ್ಯಕತೆ ತಂಡಕ್ಕೆ ಉಳಿದಿಲ್ಲ. ಅಷ್ಟರಮಟ್ಟಿಗೆ ಅವರು ಒಬ್ಬರನ್ನೊಬ್ಬರು ಅರಿಯಬೇಕಾದ ಆವಶ್ಯಕತೆಯೂ ಇಲ್ಲ.

ಗಿರೀಶ ಕಾರ್ನಾಡರ ‘ಹಯವದನ’ (1971) ನಾಟಕದಲ್ಲಿ, ಪೂರ್ಣತ್ವವನ್ನು ಬೇಡಿದ ಹಯವದನನು ಪೂರ್ಣ ಕುದುರೆಯೇನೋ ಆಗುತ್ತಾನೆ. ಆದರೆ ಮನುಷ್ಯನ ಧ್ವನಿ ಅವನಲ್ಲಿ ಉಳಿದುಬಿಡುತ್ತದೆ. ಅದೇ ಅವನ ಸಂಕಟ. ಕೊನೆಗೆ ನಗು ಕೆನೆತವಾಗಿ ಮಾರ್ಪಟ್ಟಾಗಲೇ ಅವನಿಗೆ ಬಿಡುಗಡೆ. ಧ್ವನಿ ಉಳಿದಿರುವವರೆಗೆ ರೂಪಾಂತರ ಮುಗಿದಿಲ್ಲವೆಂಬುದನ್ನು ನಾಟಕಕಾರರು ಕಂಡುಕೊಂಡಷ್ಟು ಸ್ಪಷ್ಟವಾಗಿ ನಿಯಮಕಾರರು ಕಂಡಂತಿಲ್ಲ. 2024ರ ಡ್ರೂಯಿಡನು ನಗುವ ಮುನ್ನಿನ ಹಯವದನ. ವ್ಯತ್ಯಾಸವೆಂದರೆ ಆ ಧ್ವನಿ ಅವನಿಗೆ ಕೊರತೆಯಲ್ಲ, ಸೌಕರ್ಯ.

ಹಳೆಯ ನಿಯಮದಂತೆಯೇ ಆಡಬೇಕೆಂಬ ತಂಡವನ್ನು ಹೊಸ ಗ್ರಂಥವೇನೂ ತಡೆಯಲಾರದು. ಈ ಆಟದಲ್ಲಿ ಮೇಜಿನವರ ಒಡಂಬಡಿಕೆಯೇ ಮುದ್ರಿತ ಪುಟಕ್ಕಿಂತ ಬಲವಾದುದು. ಅಂಥ ತಂಡಗಳು 2014ರ ಒಂದು ವಾಕ್ಯವನ್ನು ಉಳಿಸಿಕೊಂಡರೆ ಸಾಕು. ಪಾಲಿಮಾರ್ಫಿಗೆ ಸಿಕ್ಕವನು 2024ರ ಗ್ರಂಥದಲ್ಲಿಯೂ ಮೂಕನೇ, ಅವನ ಬುದ್ಧಿಯೂ ಮೃಗದ್ದೇ. ತಾನಾಗಿ ರೂಪ ತಾಳಿದ ಡ್ರೂಯಿಡನಿಗೆ ಬುದ್ಧಿಯೂ ಉಂಟು, ಮಾತೂ ಉಂಟು. ಈ ಎರಡು ನಿಯಮಗಳ ನಡುವೆ ಆಕ್ಟಿಯಾನನಿಗೆ ಮಾತ್ರ ಸ್ಥಳವಿಲ್ಲವಾಗಿದೆ.